‘ಹೆಂಗಸರು ಇಲ್ಲೇ ತಿರುಗಿ’: ಯುಸಿಐಗೆ ಒಂದು ಬಹಿರಂಗ ಪತ್ರ

ವಿಶ್ವ ಸೈಕ್ಲಿಂಗ್ ಒಕ್ಕೂಟ ಯುಸಿಐನ ಅಧ್ಯಕ್ಷರಿಗೆ ಮತ್ತು ಆಡಳಿತ ಸಮಿತಿಯ ಸದಸ್ಯರಿಗೆ,

ನಮಸ್ಕಾರ.

ನಾನು ಯಾವ ದೊಡ್ಡ ತಂಡದವಳೂ ಅಲ್ಲ. ಟೈಮ್ ಟ್ರಯಲ್, ಅಂದರೆ ಒಬ್ಬೊಬ್ಬರೇ ಗಡಿಯಾರದ ಎದುರು ಸೈಕಲ್ ಓಡಿಸುವ ಸ್ಪರ್ಧೆಯ ಹುಚ್ಚು ಹಿಡಿದ ಒಬ್ಬ ಹವ್ಯಾಸಿ, ಅಷ್ಟೇ. ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಸ್ಪರ್ಧೆಗೆ ಹೋಗಿದ್ದೆ. ನೇರ ರಸ್ತೆ, ಹೋಗಿ ತಿರುಗಿ ಬರಬೇಕು. ಹತ್ತನೇ ಕಿಲೋಮೀಟರ್‌ನಲ್ಲಿ ರಸ್ತೆ ಮಧ್ಯೆ ಒಂದು ಪ್ಲಾಸ್ಟಿಕ್ ಕೋನ್ ಇಟ್ಟಿದ್ದರು. ಪಕ್ಕದಲ್ಲಿ ಬಾವುಟ ಹಿಡಿದ ಒಬ್ಬ ಸ್ವಯಂಸೇವಕ. ದೂರದಿಂದಲೇ ಕೂಗಿದ: ‘ಹೆಂಗಸರು, ಹುಡುಗರು ಇಲ್ಲೇ ತಿರುಗಿ!’ ಗಂಡಸರ ಕೋನ್ ಇನ್ನೂ ಐದು ಕಿಲೋಮೀಟರ್ ಮುಂದಿತ್ತು. ಆಗಷ್ಟೇ ನನ್ನ ಕಾಲು ಲಯಕ್ಕೆ ಬಂದಿತ್ತು. ಉಸಿರು ಹಿಡಿತಕ್ಕೆ ಸಿಕ್ಕಿತ್ತು. ತಿರುಗಿದೆ. ಪಾಪ, ಅವನು ಚಪ್ಪಾಳೆ ಬೇರೆ ತಟ್ಟಿದ.

ಓಟ ಮುಗಿದ ಮೇಲೆ ನಡೆಸುವವರ ಹತ್ತಿರ ಹೋಗಿ ಕೇಳಿದೆ, ನಾವು ಯಾಕೆ ಅಲ್ಲೇ ತಿರುಗಬೇಕು ಅಂತ. ಅವರು ತಲೆ ಕೆರೆದುಕೊಂಡರು. ‘ಮೊದಲಿಂದ ಹಾಗೇ ಇದೆಯಲ್ಲಾ’ ಅಂದರು. ಜಗಳ ಆಡುವಂಥ ಮನುಷ್ಯರಲ್ಲ. ನಿಜಕ್ಕೂ ಅವರಿಗೆ ಕಾರಣ ಗೊತ್ತಿರಲಿಲ್ಲ.

2025ರ ಸೆಪ್ಟೆಂಬರ್ 21ರಂದು ರುವಾಂಡಾದ ಕಿಗಾಲಿಯ ಟೈಮ್ ಟ್ರಯಲ್ ನೋಡುತ್ತಿದ್ದಾಗ ಆ ಕೋನ್ ಮತ್ತೆ ಕಣ್ಣೆದುರು ಬಂತು. ಆಫ್ರಿಕಾ ಖಂಡದಲ್ಲಿ ನಡೆದ ಮೊದಲ ರೋಡ್ ವಿಶ್ವ ಚಾಂಪಿಯನ್‌ಶಿಪ್ ಅದು. ರಸ್ತೆಯ ಎರಡೂ ಬದಿ ಜನವೋ ಜನ. ಕಿಮಿಹುರುರದ ಕಲ್ಲುಹಾಸಿನ ಏರಿನಲ್ಲಿ ಸವಾರರ ಮುಖ ಕಿವುಚಿಕೊಳ್ಳುತ್ತಿದ್ದುದನ್ನು ನೋಡಿದರೆ ನಮ್ಮ ಕಾಲೇ ನೋಯುವಂತಿತ್ತು. ಹೆಂಗಸರ ವಿಭಾಗದಲ್ಲಿ ಸ್ವಿಟ್ಜರ್ಲೆಂಡಿನ ಮಾರ್ಲೆನ್ ರಾಯ್ಸರ್ ಗೆದ್ದರು. ಮೊದಲು ಡಾಕ್ಟರ್ ಆಗಿದ್ದವರು. 2020ರಲ್ಲಿ ಎರಡನೇ ಸ್ಥಾನ, 2021ರಲ್ಲಿ ಎರಡನೇ ಸ್ಥಾನ, 2022ರಲ್ಲಿ ಮೂರನೇ ಸ್ಥಾನ. 2023ರಲ್ಲಂತೂ ದಣಿದು ಅರ್ಧ ದಾರಿಯಲ್ಲೇ ನಿಲ್ಲಿಸಿಬಿಟ್ಟಿದ್ದರು. ಇಷ್ಟೆಲ್ಲ ಆದ ಮೇಲೆ ಕೊನೆಗೂ ವಿಶ್ವ ಚಾಂಪಿಯನ್ ತೊಡುವ ಕಾಮನಬಿಲ್ಲಿನ ಜೆರ್ಸಿ ಸಿಕ್ಕಿತು. ಅವರು ಓಡಿಸಿದ್ದು 31.2 ಕಿ.ಮೀ., 43 ನಿಮಿಷ ಚಿಲ್ಲರೆ. ಅದೇ ದಿನ ಗಂಡಸರು ಓಡಿಸಿದ್ದು 40.6 ಕಿ.ಮೀ.

ಒಂಬತ್ತೂ ಚಿಲ್ಲರೆ ಕಿಲೋಮೀಟರ್ ವ್ಯತ್ಯಾಸ, ಅದೇನು ಮಹಾ ಅನ್ನಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆಮೇಲೆ ಉಳಿದ ವಿಭಾಗಗಳ ದೂರ ನೋಡಿದೆ. 23 ವರ್ಷದೊಳಗಿನ ಹುಡುಗರಿಗೂ 31.2 ಕಿ.ಮೀ.! ಅಂದರೆ ರಾಯ್ಸರ್‌ಗೆ, ಅವರ ಹಿಂದೆ ಬೆಳ್ಳಿ ಗೆದ್ದ ಆನಾ ವಾನ್ ಡೆರ್ ಬ್ರೆಗನ್‌ಗೆ ನೀವು ಕೊಟ್ಟದ್ದು ಹುಡುಗರ ದೂರ. ಇನ್ನು 23ರೊಳಗಿನ ಹುಡುಗಿಯರಿಗೆ 22.6. ಅದು ಯಾರ ದೂರ? ಜೂನಿಯರ್ ಹುಡುಗರದ್ದು. ಒಂದೊಂದು ಮೆಟ್ಟಿಲು ಕೆಳಗೆ ಕೂರಿಸಿದ ಹಾಗೆ.

ಇದು ಕಿಗಾಲಿಯ ಬೆಟ್ಟಗುಡ್ಡಗಳಿಂದಾಗಿ ಆದದ್ದೇನೋ ಅಂದುಕೊಂಡೆ. ಅಲ್ಲ. ಹಿಂದಕ್ಕೆ ಹೋಗಿ ನೋಡಿದೆ. 2024ರ ಜ್ಯೂರಿಕ್: ಹೆಂಗಸರಿಗೆ 29.9, ಹುಡುಗರಿಗೂ 29.9. 2023ರಲ್ಲಿ ಸ್ಕಾಟ್ಲೆಂಡಿನ ಸ್ಟರ್ಲಿಂಗ್: ಇಬ್ಬರಿಗೂ 36.2. 2021ರ ಬ್ರೂಜ್: ಇಬ್ಬರಿಗೂ 30.3. 2019ರ ಯಾರ್ಕ್‌ಶೈರ್: ಇಬ್ಬರಿಗೂ 30.3. ಊರು ಬೇರೆ, ದೇಶ ಬೇರೆ, ರಸ್ತೆ ಬೇರೆ. ಕೋನ್ ಮಾತ್ರ ಅದೇ. ‘ಹೆಂಗಸರು, ಹುಡುಗರು ಇಲ್ಲೇ ತಿರುಗಿ.’

ಹುಡುಗರ ಬಗ್ಗೆ ನನಗೆ ಅಸಮಾಧಾನವೇನಿಲ್ಲ. ಅವರು ಕಲಿಯುವ ವಯಸ್ಸಿನವರು, ಅವರಿಗೆ ದೂರ ಕಡಿಮೆ ಇಡುವುದಕ್ಕೆ ಅರ್ಥ ಇದೆ. ಮುಂದೆ ಅವರು ಗಂಡಸರ ವಿಭಾಗಕ್ಕೆ ಹೋಗುತ್ತಾರೆ, ದೂರ ಹೆಚ್ಚುತ್ತದೆ. ಮೂವತ್ತು ದಾಟಿದ ವಿಶ್ವ ಚಾಂಪಿಯನ್ ಹೆಂಗಸು ಮುಂದೆ ಯಾವ ವಿಭಾಗಕ್ಕೆ ಹೋಗಬೇಕು?

ಈ ಪತ್ರ ಓದುತ್ತಿರುವ ಬೇರೆಯವರಿಗಾಗಿ ಒಂದು ಮಾತು. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಎರಡು ಮುಖ್ಯ ಬಗೆಯ ಓಟ ಇರುತ್ತದೆ. ರೋಡ್ ರೇಸ್‌ನಲ್ಲಿ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ಮೊದಲು ಗೆರೆ ದಾಟಿದವರು ಗೆದ್ದರು. ಟೈಮ್ ಟ್ರಯಲ್‌ನಲ್ಲಿ ಒಬ್ಬೊಬ್ಬರಾಗಿ ಹೊರಡಬೇಕು. ಇನ್ನೊಬ್ಬರ ಹಿಂದೆ ಗಾಳಿಮರೆಗೆ ಸೇರಿಕೊಳ್ಳುವ ಹಾಗಿಲ್ಲ. ಜೊತೆಗಾರರ ಸಹಾಯ ಇಲ್ಲ, ತಂತ್ರ ಇಲ್ಲ, ಅದೃಷ್ಟವೂ ಕಡಿಮೆ. ನೀವು, ಗಡಿಯಾರ, ರಸ್ತೆ.

ನನ್ನ ಬೇಡಿಕೆ ಟೈಮ್ ಟ್ರಯಲ್‌ಗೆ ಮಾತ್ರ ಸಂಬಂಧಿಸಿದ್ದು. ರೋಡ್ ರೇಸ್‌ನಲ್ಲಿ ವ್ಯತ್ಯಾಸ ಇನ್ನೂ ಜಾಸ್ತಿ ಇದೆ, ಕಿಗಾಲಿಯಲ್ಲಿ ಗಂಡಸರಿಗೆ 267.5, ಹೆಂಗಸರಿಗೆ 164.6. ಅದನ್ನೂ ಸಮ ಮಾಡಿ ಅಂತ ನಾನು ಕೇಳುತ್ತಿಲ್ಲ. ನನ್ನ ಗೆಳತಿಯರಲ್ಲೇ ಕೆಲವರು ಇದಕ್ಕೆ ಬೈಯುತ್ತಾರೆ, ಬೈಯಲಿ. ಗುಂಪಿನ ಓಟದಲ್ಲಿ ದೂರ ಬದಲಾದರೆ ಓಟದ ಸ್ವಭಾವವೇ ಬದಲಾಗುತ್ತದೆ. ಕಿಗಾಲಿಯ ಹೆಂಗಸರ ಓಟವನ್ನೇ ನೋಡಿ. ದೊಡ್ಡ ಹೆಸರಿನವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತರು. ಯಾರೂ ಎಣಿಸದಿದ್ದ ಕೆನಡಾದ ಮ್ಯಾಗ್ಡಲೀನ್ ವಾಲಿಯೇರ್ ಮುಂದೆ ಹೋಗಿ ಗೆದ್ದೇಬಿಟ್ಟರು. ಅದಕ್ಕೆ ಇನ್ನೂ ನೂರು ಕಿಲೋಮೀಟರ್ ಸೇರಿಸಿದರೆ ಓಟ ಇನ್ನೂ ಚೆನ್ನಾಗಿರುತ್ತಿತ್ತು ಅಂತ ಎದೆ ಮುಟ್ಟಿ ಹೇಳಲಾರೆ. ಅದು ಬೇರೆ ಚರ್ಚೆ, ಇನ್ನೊಂದು ದಿನ ಮಾಡೋಣ.

ಟೈಮ್ ಟ್ರಯಲ್‌ನಲ್ಲಿ ಈ ಯಾವ ಗೊಂದಲವೂ ಇಲ್ಲ. ದೂರ ಹೆಚ್ಚಿದರೆ ಕೆಲಸ ಹೆಚ್ಚುತ್ತದೆ, ಅಷ್ಟೇ. ಆ ಕೆಲಸ ಎಂಥದ್ದು ಅಂತ ತುಳಿದವರಿಗೆ ಗೊತ್ತು. ಮೊದಲ ಹತ್ತು ನಿಮಿಷ ಎಲ್ಲರೂ ಶೂರರೇ. ಇಪ್ಪತ್ತನೇ ನಿಮಿಷಕ್ಕೆ ತೊಡೆ ಮಾತಾಡಲು ಶುರು ಮಾಡುತ್ತದೆ. ಮೂವತ್ತೈದು ದಾಟಿದ ಮೇಲೆ ನಡೆಯುವುದೇ ನಿಜವಾದ ಪರೀಕ್ಷೆ. ಕತ್ತು ನೋಯುತ್ತಿರುತ್ತದೆ, ಆದರೆ ತಲೆ ಎತ್ತಿದರೆ ಗಾಳಿ ಹಿಡಿಯುತ್ತದೆ. ಮೊದಲಲ್ಲಿ ಸ್ವಲ್ಪ ಜೋರಾಗಿ ಹೋದವರು ಸಾಲ ತೀರಿಸುವುದು ಇಲ್ಲಿ. ಲೆಕ್ಕ ಹಾಕಿ ಉಳಿಸಿಕೊಂಡವರು ಮೇಲೆ ಬರುವುದೂ ಇಲ್ಲೇ. ನೀವು ಹೆಂಗಸರನ್ನು ನಲವತ್ತು ನಿಮಿಷದ ಸುತ್ತಮುತ್ತ ಮನೆಗೆ ಕಳಿಸುತ್ತೀರಿ. ಯಾರು ಗಟ್ಟಿ, ಯಾರು ಬರೀ ಚುರುಕು ಅಂತ ಗೊತ್ತಾಗುವ ಹೊತ್ತಿಗೆ ಗೆರೆ ಬಂದುಬಿಡುತ್ತದೆ.

‘ಅವರ ಕೈಲಿ ಆಗುತ್ತಾ?’ ಅಂತ ಈಗ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಆದರೂ ಉತ್ತರ ಹೇಳಿಬಿಡುತ್ತೇನೆ. 1958ರಲ್ಲಿ ಫ್ರಾನ್ಸಿನ ರೇಮ್ಸ್‌ನಲ್ಲಿ ಹೆಂಗಸರಿಗೆ ಮೊದಲ ಬಾರಿ ವಿಶ್ವ ರೋಡ್ ರೇಸ್ ನಡೆಯಿತು. ಅಮೆಚೂರ್ ಗಂಡಸರಿಗೆ 1921ರಲ್ಲೇ ಶುರುವಾಗಿತ್ತು, ಅದಿರಲಿ. ಗೆದ್ದವರು ಲಕ್ಸೆಂಬರ್ಗಿನ ಎಲ್ಸಿ ಯಾಕೊಬ್ಸ್. ಅದೇ ವರ್ಷ ಅವರು ಅವರ್ ರೆಕಾರ್ಡಿಗೆ ಕೂತರು. ಒಂದು ಗಂಟೆಯಲ್ಲಿ ಟ್ರ್ಯಾಕ್ ಮೇಲೆ ಒಬ್ಬರೇ ಎಷ್ಟು ದೂರ ಹೋಗಬಲ್ಲರು ಅನ್ನುವ ದಾಖಲೆ ಅದು. ಯಾಕೊಬ್ಸ್ 41.347 ಕಿ.ಮೀ. ಹೋದರು. ಆ ದಾಖಲೆ 1972ರವರೆಗೂ ನಿಂತಿತ್ತು. 2023ರಲ್ಲಿ ಇಟಲಿಯ ವಿಟ್ಟೋರಿಯಾ ಬುಸ್ಸಿ 50 ಕಿ.ಮೀ. ಗಡಿ ದಾಟಿದ ಮೊದಲ ಹೆಂಗಸಾದರು.

ಇವರೆಲ್ಲ ತುಳಿದದ್ದು ಪೂರ್ತಿ ಒಂದು ಗಂಟೆ. ಹೆಂಗಸರ ಗಂಟೆಗೆ ನಲವತ್ತೈದು ನಿಮಿಷ ಅಂತ ನೀವು ಯಾವತ್ತೂ ನಿಯಮ ಮಾಡಲಿಲ್ಲ. ಮಾಡಿದ್ದರೆ ಜನ ನಗುತ್ತಿದ್ದರು, ಅಲ್ವಾ?

ಇನ್ನೂ ಹತ್ತಿರದ ಉದಾಹರಣೆ ನಿಮ್ಮ ಮನೆಯೊಳಗೇ ಇದೆ. ಟ್ರ್ಯಾಕ್ ಸೈಕ್ಲಿಂಗ್‌ನಲ್ಲಿ ಹೆಂಗಸರ ಇಂಡಿವಿಜುವಲ್ ಪರ್ಸ್ಯೂಟ್ (ಟ್ರ್ಯಾಕ್‌ನ ಎದುರು ಬದಿಗಳಿಂದ ಹೊರಟು ಇಬ್ಬರು ಒಬ್ಬರನ್ನೊಬ್ಬರು ಬೆನ್ನಟ್ಟುವ ಓಟ) 3 ಕಿ.ಮೀ. ಇತ್ತು, 2025ರಿಂದ ನೀವೇ 4 ಕಿ.ಮೀ. ಮಾಡಿದಿರಿ. ಟ್ರ್ಯಾಕ್ ಟೈಮ್ ಟ್ರಯಲ್ 500 ಮೀಟರ್ ಇತ್ತು, ಅದನ್ನೂ 1 ಕಿ.ಮೀ.ಗೆ ಏರಿಸಿದಿರಿ. ಎರಡೂ ಈಗ ಗಂಡಸರಷ್ಟೇ. ತಂಡದ ಪರ್ಸ್ಯೂಟ್ ಅದಕ್ಕೂ ಎಷ್ಟೋ ವರ್ಷ ಮೊದಲೇ ಸಮ ಆಗಿತ್ತು. ಆಗ ಆಕಾಶವೇನೂ ಕಳಚಿ ಬೀಳಲಿಲ್ಲ. ವಿಶ್ವ ಚಾಂಪಿಯನ್‌ಶಿಪ್‌ನ ಬಹುಮಾನದ ಹಣವನ್ನೂ 2013ರಿಂದ ಸಮ ಮಾಡಿದ್ದೀರಿ. ಈ ಎಲ್ಲದಕ್ಕೆ ಧನ್ಯವಾದ ಹೇಳದೆ ಬರೀ ದೂರುವುದು ಸರಿಯಲ್ಲ, ಹೇಳುತ್ತೇನೆ. 23ರೊಳಗಿನ ಹುಡುಗಿಯರಿಗೆ ಕಿಗಾಲಿಯಲ್ಲಿ ಮೊದಲ ಬಾರಿ ಪ್ರತ್ಯೇಕ ಓಟ ಕೊಟ್ಟಿರಿ, ಅದಕ್ಕಿನ್ನೊಂದು ಧನ್ಯವಾದ. ಅದಕ್ಕೂ ಮುಂಚಿನ ಮೂರು ವರ್ಷ ಅವರು ಹಿರಿಯರ ಓಟದೊಳಗೇ ಓಡಬೇಕಿತ್ತು. ಅವರಲ್ಲಿ ಮೊದಲು ಬಂದವರನ್ನು ಹುಡುಕಿ ಪದಕ ಹಾಕುತ್ತಿದ್ದಿರಿ. ನೋಡುವವರಿಗೆ ಯಾರು ಯಾಕೆ ಕೈ ಎತ್ತುತ್ತಿದ್ದಾರೆ ಅಂತಲೇ ತಿಳಿಯುತ್ತಿರಲಿಲ್ಲ.

ಹಾಗಾದರೆ ರಸ್ತೆಯ ಟೈಮ್ ಟ್ರಯಲ್ ಮಾತ್ರ ಯಾಕೆ ಹಿಂದೆ ಉಳಿಯಿತು?

ತಮಾಷೆ ಅಂದರೆ, ಅದನ್ನೂ ನೀವು ಮಾಡಿ ತೋರಿಸಿದ್ದೀರಿ. 2020ರಲ್ಲಿ ಕೊರೊನಾದಿಂದಾಗಿ ಸ್ವಿಟ್ಜರ್ಲೆಂಡಿನಲ್ಲಿ ನಡೆಯಬೇಕಿದ್ದ ಚಾಂಪಿಯನ್‌ಶಿಪ್ ರದ್ದಾಯಿತು. ತರಾತುರಿಯಲ್ಲಿ ಇಟಲಿಯ ಇಮೋಲಾಕ್ಕೆ ಹೋಯಿತು. ಅಲ್ಲಿ ಹೆಂಗಸರಿಗೂ ಗಂಡಸರಿಗೂ ಅದೇ 31.7 ಕಿ.ಮೀ. ವಾನ್ ಡೆರ್ ಬ್ರೆಗನ್ ಗೆದ್ದದ್ದು 40 ನಿಮಿಷ 20 ಸೆಕೆಂಡಿನಲ್ಲಿ. ಗಂಡಸರಲ್ಲಿ ಫಿಲಿಪ್ಪೊ ಗನ್ನಾ ಗೆದ್ದದ್ದು 35 ನಿಮಿಷ 54 ಸೆಕೆಂಡಿನಲ್ಲಿ. ವ್ಯತ್ಯಾಸ 4 ನಿಮಿಷ 26 ಸೆಕೆಂಡ್. ಎರಡು ವರ್ಷ ಬಿಟ್ಟು ಆಸ್ಟ್ರೇಲಿಯಾದ ವೊಲ್ಲೊಂಗಾಂಗ್‌ನಲ್ಲಿ ಇಬ್ಬರಿಗೂ 34.2 ಕಿ.ಮೀ. ಇಟ್ಟಿರಿ. ಎಲೆನ್ ವಾನ್ ಡೈಕ್ 44 ನಿಮಿಷ 28 ಸೆಕೆಂಡ್, ನಾರ್ವೆಯ ಟೋಬಿಯಾಸ್ ಫಾಸ್ 40 ನಿಮಿಷ 2 ಸೆಕೆಂಡ್. ಕಳೆದು ನೋಡಿ. ಮತ್ತೆ ಅದೇ 4 ನಿಮಿಷ 26 ಸೆಕೆಂಡ್! ಇದಕ್ಕೆ ದೊಡ್ಡ ಅರ್ಥ ಏನೂ ಇಲ್ಲ, ರಸ್ತೆ ಬೇರೆ, ಸುಮ್ನೆ ಕಾಕತಾಳೀಯ. ಆದರೆ ಲೆಕ್ಕ ಬರೆದುಕೊಳ್ಳುವ ನನ್ನಂಥವರಿಗೆ ಇಂಥದ್ದು ಸಿಕ್ಕರೆ ಒಂದು ವಾರ ಖುಷಿ. ದೂರ ಒಂದೇ ಇದ್ದದ್ದರಿಂದ ತಾನೇ ಹೀಗೆ ಪಕ್ಕಪಕ್ಕ ಇಟ್ಟು ನೋಡಲು ಆದದ್ದು?

ಆ ವೊಲ್ಲೊಂಗಾಂಗ್ ಓಟ ನನಗೆ ಇನ್ನೂ ನೆನಪಿದೆ. ಆಸ್ಟ್ರೇಲಿಯಾದ ಗ್ರೇಸ್ ಬ್ರೌನ್ ತಮ್ಮ ಜನರ ಮುಂದೆ ಚಿನ್ನ ತಪ್ಪಿಸಿಕೊಂಡದ್ದು ಹನ್ನೆರಡೇ ಸೆಕೆಂಡಿನಿಂದ. ಮಧ್ಯಾಹ್ನ ಅದೇ ತಿರುವು, ಅದೇ ಏರಿನಲ್ಲಿ ಗಂಡಸರು ಬಂದರು. ಬೆಳಿಗ್ಗೆ ಬ್ರೌನ್ ಎಲ್ಲಿ ಸಮಯ ಕಳೆದುಕೊಂಡರೋ ಅಲ್ಲೇ ಈಗ ಯಾರು ಏನು ಮಾಡುತ್ತಾರೆ ಅಂತ ನೋಡುವುದೇ ಒಂದು ಮಜಾ. ಒಂದೇ ರಸ್ತೆಯಲ್ಲಿ ಎರಡು ಕತೆ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಹಾಗೇ ಆಯಿತು. ಟೋಕಿಯೋದಲ್ಲಿ ಗಂಡಸರಿಗೆ 44.2, ಹೆಂಗಸರಿಗೆ ಸರಿಯಾಗಿ ಅದರ ಅರ್ಧ, 22.1 ಇತ್ತು. ಪ್ಯಾರಿಸ್‌ನಲ್ಲಿ ಇಬ್ಬರಿಗೂ 32.4. ಮಳೆ, ಜಾರುವ ರಸ್ತೆ, ಎಷ್ಟೋ ಜನ ಬಿದ್ದರು. ಗ್ರೇಸ್ ಬ್ರೌನ್ ಒಂದೂವರೆ ನಿಮಿಷದ ಅಂತರದಲ್ಲಿ ಚಿನ್ನ ಗೆದ್ದರು. ಎರಡು ತಿಂಗಳಾಗುವುದರೊಳಗೆ ಅವರೇ ಜ್ಯೂರಿಕ್‌ಗೆ ಬಂದರು. ವಿಶ್ವ ಚಾಂಪಿಯನ್ ಕೂಡ ಆದರು. ಅಲ್ಲಿ ಅವರಿಗೆ ಸಿಕ್ಕಿದ್ದು 29.9 ಕಿ.ಮೀ., ಗಂಡಸರಿಗೆ 46.1. ಜುಲೈನಲ್ಲಿ ಪ್ಯಾರಿಸ್‌ನಲ್ಲಿ ಗಂಡಸರ ಚಿನ್ನ ಗೆದ್ದ ರೆಮ್ಕೊ ಎವೆನೆಪೂಲ್ ಓಡಿಸಿದಷ್ಟೇ ದೂರ ಓಡಿಸಬಲ್ಲವರಾಗಿದ್ದ ಒಬ್ಬ ಸವಾರರಿಗೆ ಸೆಪ್ಟೆಂಬರಿನಲ್ಲಿ 16 ಕಿಲೋಮೀಟರ್ ಕಡಿಮೆ. ನಡುವೆ ಏನಾಯಿತು? ಏನೂ ಆಗಲಿಲ್ಲ. ಊರು ಬದಲಾಯಿತು, ಅಷ್ಟೇ.

ನನ್ನ ತಕರಾರು ಇರುವುದೇ ಇಲ್ಲಿ. ಯಾರ್ಕ್‌ಶೈರ್‌ನಲ್ಲಿ ವ್ಯತ್ಯಾಸ 23.7 ಕಿ.ಮೀ. ಇತ್ತು. ಇಮೋಲಾದಲ್ಲಿ ಸೊನ್ನೆ. ಬ್ರೂಜ್‌ನಲ್ಲಿ 13. ವೊಲ್ಲೊಂಗಾಂಗ್‌ನಲ್ಲಿ ಮತ್ತೆ ಸೊನ್ನೆ. ಸ್ಟರ್ಲಿಂಗ್‌ನಲ್ಲಿ 11.6, ಜ್ಯೂರಿಕ್‌ನಲ್ಲಿ 16.2, ಕಿಗಾಲಿಯಲ್ಲಿ 9.4. ಇದು ಏಣಿ ಆಗಿದ್ದರೆ ನಿಧಾನಕ್ಕಾದರೂ ಹತ್ತುತ್ತೇವೆ ಅಂತ ಕಾಯಬಹುದಿತ್ತು. ಇದು ಉಯ್ಯಾಲೆ. ಯಾವ ಊರು ಆತಿಥ್ಯ ವಹಿಸುತ್ತದೋ, ಅಲ್ಲಿನವರ ಮನಸ್ಸು ಹೇಗಿದೆಯೋ, ರಸ್ತೆ ಮುಚ್ಚಲು ಎಷ್ಟು ಹೊತ್ತು ಒಪ್ಪಿಗೆ ಸಿಗುತ್ತದೋ, ಅದರ ಮೇಲೆ ಹೆಂಗಸರ ದೂರ ನಿಂತಿದೆ. ತರಬೇತಿ ಮಾಡುವವರು ಯಾವುದನ್ನು ನಂಬಿ ಮಾಡಬೇಕು?

ರಸ್ತೆ ಮುಚ್ಚುವ ಮಾತು ಬಂತಲ್ಲ, ಆ ಕಾರಣವನ್ನು ಸ್ವಲ್ಪ ಬಿಡಿಸಿ ನೋಡೋಣ. ದೂರ ಹೆಚ್ಚಿಸಿದರೆ ಇಡೀ ದಿನದ ವೇಳಾಪಟ್ಟಿ ಕೆಡುತ್ತದೆ ಅನ್ನುತ್ತಾರೆ. ಕೇಳಲು ಸರಿ ಅನ್ನಿಸುತ್ತದೆ. ಆದರೆ ಟೈಮ್ ಟ್ರಯಲ್‌ನಲ್ಲಿ ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಹೊರಡುವುದಿಲ್ಲ. ನಿಗದಿ ಮಾಡಿದ ಅಂತರದಲ್ಲಿ ಒಬ್ಬರ ಹಿಂದೆ ಒಬ್ಬರು ಹೊರಡುತ್ತಲೇ ಇರುತ್ತಾರೆ. ಹೆಚ್ಚಿನ ದೂರಕ್ಕೆ ಹಿಡಿಯುವ ಸಮಯವನ್ನು ಎಲ್ಲ ಸವಾರರ ಲೆಕ್ಕದಲ್ಲಿ ಗುಣಿಸಬೇಕಾಗಿಲ್ಲ. ಕೊನೆಗೆ ಒಂದೇ ಸಲ ಸೇರಿಸಿದರೆ ಸಾಕು. ರಾಯ್ಸರ್ ಕಿಗಾಲಿಯಲ್ಲಿ ಹೋದ ವೇಗದಲ್ಲಿ ಇನ್ನೂ 9.4 ಕಿ.ಮೀ. ಹೋಗಿದ್ದರೆ ಸುಮಾರು 13 ನಿಮಿಷ ಹೆಚ್ಚು ಹಿಡಿಯುತ್ತಿತ್ತು. ಏರು ಇದೆ ಅಂತ 15, 16 ನಿಮಿಷ ಅಂತಲೇ ಇಟ್ಟುಕೊಳ್ಳಿ. ಇಡೀ ದಿನಕ್ಕೆ ಕಾಲು ಗಂಟೆ. ಬೇಲಿ, ಪೊಲೀಸರು, ಕ್ಯಾಮೆರಾ, ಆಂಬುಲೆನ್ಸ್ ಎಲ್ಲವನ್ನೂ ಅದೇ ದಿನ ಗಂಡಸರಿಗಾಗಿ ಆ ಹೆಚ್ಚಿನ ರಸ್ತೆಯಲ್ಲೂ ಹೇಗಿದ್ದರೂ ನಿಲ್ಲಿಸಿರುತ್ತೀರಿ. ಹಾಗೆ ನೋಡಿದರೆ ಎರಡು ಬೇರೆ ಬೇರೆ ದಾರಿ ಗುರುತು ಮಾಡುವುದೇ ಜಾಸ್ತಿ ಕೆಲಸ.

ಇನ್ನೊಂದು ಕಾರಣವನ್ನು ಸ್ವಲ್ಪ ಗೌರವದಿಂದಲೇ ಕೇಳಿಸಿಕೊಳ್ಳುತ್ತೇನೆ. ಸಣ್ಣ ದೇಶಗಳಿಂದ ಬರುವ ಸವಾರರು ದೂರ ಹೆಚ್ಚಾದರೆ ತುಂಬಾ ಹಿಂದೆ ಬೀಳುತ್ತಾರೆ ಅನ್ನುವುದು. ನಿಜ, ಬೀಳುತ್ತಾರೆ. ಒಳ್ಳೆಯ ಟೈಮ್ ಟ್ರಯಲ್ ಸೈಕಲ್, ಡಿಸ್ಕ್ ಚಕ್ರ, ಮೈಗೆ ಅಂಟುವ ಸೂಟು, ಗಾಳಿ ಸೀಳುವ ಹೆಲ್ಮೆಟ್ ಇವೆಲ್ಲ ದುಡ್ಡಿನ ಮಾತು. ಆದರೆ ಸಣ್ಣ ದೇಶದ ಗಂಡಸರಿಗೂ ಇದೇ ಕಷ್ಟ ಇದೆ. ಅವರಿಗಾಗಿ ಯಾರೂ ಗಂಡಸರ ದೂರ ಕಡಿಮೆ ಮಾಡಲಿಲ್ಲ. ಮಾಡಬೇಕು ಅಂತ ಅವರೂ ಕೇಳಲಿಲ್ಲ. ಅವರಿಗೆ ಬೇಕಾದದ್ದು ಸಾಮಾನು, ತರಬೇತಿ, ಪ್ರಯಾಣದ ಖರ್ಚು.

ಮಿಕ್ಸೆಡ್ ರಿಲೇ ಬಗ್ಗೆ ಹೇಳಲೇಬೇಕು. 2019ರಲ್ಲಿ ಅದನ್ನು ತಂದದ್ದು ನೀವೇ. ಒಂದು ದೇಶದ ಮೂವರು ಗಂಡಸರು ಒಂದು ಸುತ್ತು ಹೋಗುತ್ತಾರೆ. ಅವರಲ್ಲಿ ಎರಡನೆಯವರು ಗೆರೆ ದಾಟಿದ ಕೂಡಲೇ ಮೂವರು ಹೆಂಗಸರು ಹೊರಟು ಅದೇ ಸುತ್ತು ಹೋಗುತ್ತಾರೆ. ಕಿಗಾಲಿಯಲ್ಲಿ ಒಟ್ಟು 41.8 ಕಿ.ಮೀ., ಆಚೆ ಅರ್ಧ ಈಚೆ ಅರ್ಧ. ಆಸ್ಟ್ರೇಲಿಯಾ ಗೆದ್ದಿತು. ಭಾನುವಾರ ಹೆಂಗಸರಿಗೆ ಗಂಡಸರ ರಸ್ತೆ ಜಾಸ್ತಿ ಆಗುತ್ತದೆ ಅಂದ ಅದೇ ಚಾಂಪಿಯನ್‌ಶಿಪ್, ಅದೇ ವಾರದ ಮಧ್ಯದಲ್ಲಿ ಇಬ್ಬರನ್ನೂ ಒಂದೇ ರಸ್ತೆಗೆ ಬಿಟ್ಟಿತು. ಯಾರಿಗೂ ವಿಚಿತ್ರ ಅನ್ನಿಸಲಿಲ್ಲ.

ಈಗ ನನ್ನ ಬೇಡಿಕೆ. ಎಲೀಟ್ ವಿಭಾಗದ, ಅಂದರೆ ಹಿರಿಯರ ಮುಖ್ಯ ವಿಭಾಗದ ಟೈಮ್ ಟ್ರಯಲ್ ದೂರ ಹೆಂಗಸರಿಗೂ ಗಂಡಸರಿಗೂ ಒಂದೇ ಇರಬೇಕು. ಅದನ್ನು ಆತಿಥೇಯ ಊರಿನ ಇಷ್ಟಕ್ಕೆ ಬಿಡದೆ ನಿಯಮ ಪುಸ್ತಕದಲ್ಲಿ ಒಂದು ಸಾಲಾಗಿ ಬರೆಯಿರಿ. 23ರೊಳಗಿನವರಿಗೂ ಜೂನಿಯರ್‌ಗಳಿಗೂ ಅದೇ ತತ್ವ, ಬೇಕಾದರೆ ಒಂದೆರಡು ವರ್ಷ ತಡವಾಗಿ. ಬರೆಯುವ ಮುಂಚೆ ಸವಾರರನ್ನು ಕೇಳಿ. ಎಲ್ಲ ಹೆಂಗಸರೂ ನನ್ನ ಹಾಗೇ ಯೋಚಿಸುತ್ತಾರೆ ಅಂತ ನಾನು ಹೇಳುವುದಿಲ್ಲ. ಚಿಕ್ಕ ದೂರದಲ್ಲಿ ಚೆನ್ನಾಗಿ ಮಾಡುವವರು ಬೇಡ ಅನ್ನಬಹುದು. ಕೇಳಿದ ಮೇಲೆ ಬೇಡ ಅಂತ ಬಂದರೆ ಅದು ಬೇರೆ. ಕೇಳದೆಯೇ ಕೋನ್ ಇಡುವುದು ಬೇರೆ.

ಇನ್ನೊಂದು ಸಣ್ಣ ಭಯ ಇದೆ. ಸಮ ಮಾಡಿ ಅಂದರೆ ಗಂಡಸರದ್ದನ್ನು 30 ಕಿ.ಮೀ.ಗೆ ಇಳಿಸಿ ಕೈ ತೊಳೆದುಕೊಳ್ಳುತ್ತೀರಿ ಅಂತ. ದಯವಿಟ್ಟು ಬೇಡ. 2013ರಲ್ಲಿ ಫ್ಲಾರೆನ್ಸ್‌ನಲ್ಲಿ ಗಂಡಸರಿಗೆ ಸುಮಾರು 58 ಕಿ.ಮೀ. ಇತ್ತು. ಟೋನಿ ಮಾರ್ಟಿನ್, ಬ್ರಾಡ್ಲಿ ವಿಗಿನ್ಸ್, ಫಾಬಿಯನ್ ಕಾನ್ಸೆಲಾರಾ ಮೂವರೂ ಒಂದು ಗಂಟೆಗೂ ಮೇಲೆ ಗಡಿಯಾರದ ಜೊತೆ ಗುದ್ದಾಡಿದರು. ಆ ಬಗೆಯ ಓಟ ಈಗ ಅಪರೂಪ ಆಗುತ್ತಿದೆ. ಆ ವರ್ಷ ಹೆಂಗಸರಿಗೆ ಇದ್ದದ್ದು 22 ಕಿ.ಮೀ. ಅಂತ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಇಬ್ಬರಿಗೂ ನಲವತ್ತರ ಆಸುಪಾಸು ಇಡಿ. ಒಂದೊಂದು ವರ್ಷ ಐವತ್ತೂ ಇರಲಿ. ಬೆಟ್ಟದ ಊರಾದರೆ ಇಬ್ಬರಿಗೂ ಮೂವತ್ತು ಸಾಕು, ಒಪ್ಪುತ್ತೇನೆ.

ಇದಕ್ಕೆ ಆಗುವುದಿಲ್ಲ ಅಂತಲೇ ನಿಮ್ಮ ಉತ್ತರ ಇದ್ದರೆ ಅದನ್ನೂ ಬರೆದು ತಿಳಿಸಿ, ಕಾರಣದ ಸಮೇತ. ‘ಮೊದಲಿಂದ ಹಾಗೇ ಇದೆ’ ಅನ್ನುವುದನ್ನು ಬಿಟ್ಟು ಬೇರೆ ಯಾವುದಾದರೂ ಕಾರಣ. ಅದನ್ನು ನಾನು ಒಮ್ಮೆ ಕೇಳಿಸಿಕೊಂಡಾಗಿದೆ.

ಇಂತಿ,
ಹತ್ತನೇ ಕಿಲೋಮೀಟರ್‌ನಲ್ಲಿ ತಿರುಗಿ ಬಂದ ಒಬ್ಬ ಸವಾರಳು